ಕಲ್ಲಿನ ಬರಹ ಓದಿದ ರೈಸ್ ಸಾಹೇಬರು

ಅಪೊಸ್ತಲನಾದ ಪೌಲನು ಸೀಲ ತಿಮೊಥೆಯರ ಬರವನ್ನು ಎದುರುನೋಡುತ್ತಾ ಅಥೇನೆ ಪಟ್ಟಣದಲ್ಲಿ ಒಬ್ಬನೇ ಇದ್ದ ಸಂಗತಿಯು ಅಪೊಸ್ತಲರ ಕೃತ್ಯಗಳ ೧೭ನೆಯ ಅಧ್ಯಾಯದಲ್ಲಿ ಬರೆದದೆ. ಆ ಪಟ್ಟಣವು ಗ್ರೀಕರ ವಿದ್ಯೆಗೂ ಶಿಲ್ಪಕ್ಕೂ ತವರಾಗಿತ್ತು. ಪೌಲನು ಅದರ ಬೀದಿಗಳಲ್ಲಿ ಸಂಚರಿಸಿ ಗುಡಿಗಳನ್ನೂ ವಿಗ್ರಹಗಳನ್ನೂ ನೋಡಿದನು. ಆ ನೋಟದಿಂದ ಅವನ ಆತ್ಮವು ಕುದಿಯಿತು. ಆದಾಗ್ಯೂ ಅವನು ಕಣ್ಣು ಮುಚ್ಚಿಕೊಂಡು ಹೋಗಲಿಲ್ಲ. ಯಾವ ಕಲ್ಲನ್ನೂ ಒಡೆಯಲಿಲ್ಲ. ಒಂದು ಬಲಿಪೀಠದ ಮೇಲೆ ಕೆತ್ತಿದ್ದ ಬರಹವನ್ನು ಓದಿದನು. ತರುವಾಯ ಅರಿಯೊಪಾಗದಲ್ಲಿ ಪಂಡಿತರ ಮುಂದೆ ನಿಂತಾಗ ಆ ಬರಹದಿಂದಲೇ ತನ್ನ ಪ್ರಸಂಗವನ್ನು ಆರಂಭಿಸಿದನು. ಕೆಲವರು ನಕ್ಕರು, ದಿಯೊನುಸ್ಯನೂ ದಾಮರಿಯೆಂಬ ಸ್ತ್ರೀಯೂ ಇನ್ನು ಕೆಲವರೂ ನಂಬಿದರು.

ಈಗಿನ ಕಾಲದಲ್ಲಿ ದೂರದೇಶದ ಯಾತ್ರಿಕರು ಅಥೇನೆಯಲ್ಲಿ ಒಂದು ವಾಹನವನ್ನೂ ದಾರಿತೋರುವವನನ್ನೂ ಗೊತ್ತುಮಾಡಿಕೊಂಡು, ಆ ಗುಡ್ಡವನ್ನೂ ಕೊರಿಂಥದ ಪಾಳುಗಳನ್ನೂ ಒಂದೇ ದಿವಸದಲ್ಲಿ ನೋಡಿ ಬರುತ್ತಾರೆ. ನಮ್ಮ ಹಳ್ಳಿಯ ಸಭೆಗಳವರಿಗೆ ಅಷ್ಟು ದೂರ ಹೋಗುವ ಅನುಕೂಲವಿಲ್ಲ. ಆದರೆ ಪೌಲನಿಗೆ ಅಥೇನೆಯಲ್ಲಿ ಒದಗಿದ ಪ್ರಶ್ನೆಯು ನಮಗೆ ನಮ್ಮ ಊರ ಮುಂದೆಯೇ ಒದಗುತ್ತದೆ. ಊರ ಹೊರಗಿನ ವೀರಗಲ್ಲು, ಕೆರೆಯ ಏರಿಯ ಮೇಲಿನ ಶಾಸನದ ಕಲ್ಲು, ಹಳೆಯ ಗುಡಿಯ ಕಂಬ, ಇವುಗಳಿಗೂ ದೀಕ್ಷಾಸ್ನಾನ ಹೊಂದಿದ ನಮಗೂ ಸಂಬಂಧವೇನು? ಅವುಗಳ ಕಡೆಗೆ ನೋಡುವುದೂ ತಪ್ಪೆಂದು ಹೇಳುವ ಹಿರಿಯರು ಸಭೆಗಳಲ್ಲಿದ್ದಾರೆ. ಕ್ರೈಸ್ತರಾದವರು ಈ ನಾಡಿಗೆ ಪರಕೀಯರೇ ಎಂದು ಹಂಗಿಸುವ ನೆರೆಯವರೂ ಇದ್ದಾರೆ. ಈ ಎರಡು ಮಾತುಗಳಿಗೂ ಉತ್ತರವಾಗಿ ನಿಲ್ಲುವಂಥ ಒಬ್ಬ ಪುರುಷನ ಚರಿತ್ರೆಯನ್ನು ಇಲ್ಲಿ ಹೇಳುತ್ತೇವೆ. ಅವರು ಮಿಶನೆರಿಯ ಮನೆಯಲ್ಲಿ ಹುಟ್ಟಿ, ಕನ್ನಡನಾಡಿನ ಕಲ್ಲುಗಳನ್ನು ಓದುವುದರಲ್ಲಿಯೇ ಆಯುಷ್ಯದ ಬಹುಭಾಗವನ್ನು ಸವೆಸಿದ ಬೆಂಜಮಿನ್ ಲೂಯಿಸ್ ರೈಸ್ ಸಾಹೇಬರು.

ಹುಟ್ಟು ಮತ್ತು ಮನೆತನ

ಇವರ ತಂದೆಯಾದ ರೆವರೆಂಡ್ ಬೆಂಜಮಿನ್ ರೈಸ್ ಅಯ್ಯನವರು ಲಂಡನ್ ಮಿಶನಿನವರು. ೧೮೩೭ರಲ್ಲಿ ಬೆಂಗಳೂರಿಗೆ ಬಂದು, ೧೮೮೭ರಲ್ಲಿ ತೀರಿಹೋಗುವ ತನಕ ಐವತ್ತು ವರುಷ ಅದೇ ಊರನ್ನು ಕೇಂದ್ರವಾಗಿ ಇಟ್ಟುಕೊಂಡು ಸೇವೆಮಾಡಿದರು. ಕನ್ನಡದಲ್ಲಿ ಪ್ರಸಂಗ ಮಾಡಿದರು, ಪಾಠಶಾಲೆಗಳನ್ನು ನಡಿಸಿದರು, ಕನ್ನಡ ಸತ್ಯವೇದದ ಪರಿಷ್ಕರಣದಲ್ಲಿ ಪಾಲುಗೊಂಡರು. ಬೆಂಗಳೂರು ಪೇಟೆಯ ಅವೆನ್ಯೂ ರಸ್ತೆಯಲ್ಲಿರುವ ರೈಸ್ ಸ್ಮಾರಕ ದೇವಾಲಯವು ಇವರ ಹೆಸರಿನದೇ.

ಅಯ್ಯನವರು ಬೆಂಗಳೂರಿಗೆ ಬಂದ ವರುಷವೇ, ೧೮೩೭ನೆಯ ಇಸವಿ ಜುಲೈ ೧೭ರಲ್ಲಿ, ಈ ಮಗನು ಅಲ್ಲಿ ಹುಟ್ಟಿದನು. ಆದಕಾರಣ ಲೂಯಿಸ್ ರೈಸರು ಹುಟ್ಟಿನಿಂದ ಬೆಂಗಳೂರಿನವರೇ. ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಹೋಗಿ, ಅಲ್ಲಿ ಪದವಿ ಪಡೆದು, ೧೮೬೦ರಲ್ಲಿ ಹಿಂದಿರುಗಿ, ಮುಂದೆ ಸೆಂಟ್ರಲ್ ಕಾಲೇಜೆಂದು ಹೆಸರಾದ ಬೆಂಗಳೂರು ಹೈಸ್ಕೂಲಿಗೆ ಮುಖ್ಯೋಪಾಧ್ಯಾಯರಾದರು. ತಮ್ಮನಾದ ಎಡ್ವರ್ಡ್ ರೈಸರು ತಂದೆಯಂತೆಯೇ ಮಿಶನ್ ಸೇವೆಗೆ ಸೇರಿ, ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು. ಲೂಯಿಸ್ ರೈಸರಾದರೋ ಮೈಸೂರು ಸರಕಾರದ ಕೆಲಸವನ್ನು ಹಿಡಿದರು. ಒಂದೇ ಮನೆಯ ಮಕ್ಕಳಲ್ಲಿ ಒಬ್ಬರು ಸುವಾರ್ತೆಗೂ ಒಬ್ಬರು ವಿದ್ಯೆಗೂ ಪ್ರತ್ಯೇಕವಾದರು. ಇಬ್ಬರೂ ಕನ್ನಡಕ್ಕೆ ದುಡಿದರು.

ಹೋಬಳಿಗೊಂದು ಪಾಠಶಾಲೆ

೧೮೬೫ರಲ್ಲಿ ರೈಸರು ಮೈಸೂರು ಕೊಡಗು ಸೀಮೆಗಳ ಪಾಠಶಾಲೆಗಳಿಗೆ ಇನ್‌ಸ್ಪೆಕ್ಟರಾದರು. ಆ ಕಾಲದಲ್ಲಿ ಸರಕಾರದ ಪಾಠಶಾಲೆಗಳು ಪಟ್ಟಣಗಳಲ್ಲಿದ್ದವೇ ಹೊರತು ಹಳ್ಳಿಗಳಿಗೆ ಮುಟ್ಟಿದ್ದವುಗಳು ಬಹು ಸ್ವಲ್ಪ. ೧೮೬೮ರಲ್ಲಿ ಇವರು ಪ್ರತಿಯೊಂದು ಹೋಬಳಿಗೂ ಒಂದು ಪಾಠಶಾಲೆ ಇರಬೇಕೆಂಬ ಯೋಜನೆಯನ್ನು ಸರಕಾರದ ಮುಂದಿಟ್ಟರು. ಹೋಬಳಿ ಪಾಠಶಾಲೆಗಳೆಂದು ಹೆಸರಾದ ಇವುಗಳಲ್ಲಿ ರೈತರ ಮಕ್ಕಳಿಗೆ ಓದು, ಬರಹ, ಲೆಕ್ಕಗಳನ್ನು ಕನ್ನಡದಲ್ಲಿ ಕಲಿಸುವ ಏರ್ಪಾಡಾಯಿತು. ಹರಿಹರದಲ್ಲಿ ತುಂಗಭದ್ರೆಗೆ ಕಲ್ಲಿನ ಸೇತುವೆ ಮುಗಿದದ್ದೂ ಅದೇ ೧೮೬೮ರಲ್ಲಿ. ಸೇತುವೆಯು ಎರಡು ದಡಗಳನ್ನು ಕೂಡಿಸಿತು. ಪಾಠಶಾಲೆಗಳು ಹಳ್ಳಿಯವನನ್ನೂ ಅಕ್ಷರವನ್ನೂ ಕೂಡಿಸತೊಡಗಿದವು.

ಕಲ್ಲುಗಳ ಕಡೆಗೆ ತಿರುಗಿದ್ದು

ಪಾಠಶಾಲೆಗಳನ್ನು ನೋಡುವುದಕ್ಕೆ ಊರೂರು ಸಂಚರಿಸುವ ಅಧಿಕಾರಿಗೆ ದಾರಿಯುದ್ದಕ್ಕೂ ಬರಹದ ಕಲ್ಲುಗಳು ಕಣ್ಣಿಗೆ ಬೀಳುವುದು ಸಹಜ. ಅವು ಹಳಗನ್ನಡದಲ್ಲಿ, ಕೆಲವು ಸಂಸ್ಕೃತದಲ್ಲಿ, ಈಗಿನ ಅಕ್ಷರಕ್ಕೆ ಹೋಲದ ಲಿಪಿಯಲ್ಲಿ ಇದ್ದುದರಿಂದ ಊರಿನವರಿಗೇ ಓದಲಾಗುತ್ತಿರಲಿಲ್ಲ. ಅದಕ್ಕೆ ಮೊದಲೇ, ೧೮೬೫ರಲ್ಲಿ, ಮೇಜರ್ ಡಿಕ್ಸನ್ ಎಂಬ ದಂಡಿನ ಅಧಿಕಾರಿಯು ಸರಕಾರದ ಅಪ್ಪಣೆಯಿಂದ ಚಿತ್ರದುರ್ಗ, ಹರಿಹರ, ಬಳ್ಳಿಗಾವೆ ಮೊದಲಾದ ಸ್ಥಳಗಳ ಶಾಸನಗಳ ಛಾಯಾಚಿತ್ರಗಳನ್ನು ತೆಗೆದಿದ್ದನು. ಚಿತ್ರಗಳಿದ್ದವು, ಓದುವವರಿರಲಿಲ್ಲ. ಅವುಗಳನ್ನು ಓದಿ ಭಾಷಾಂತರಿಸುವ ಕೆಲಸವು ರೈಸರ ಪಾಲಿಗೆ ಬಂತು. ಅವರು ಪಂಡಿತರನ್ನು ಕೂಡಿಕೊಂಡು, ಅಕ್ಷರ ಅಕ್ಷರವನ್ನು ಬಿಡಿಸಿ, ೧೮೭೯ರಲ್ಲಿ ಮೈಸೂರು ಶಾಸನಗಳೆಂಬ ಗ್ರಂಥವನ್ನು ಪ್ರಕಟಿಸಿದರು. ಹೀಗೆ ನಮ್ಮ ಹರಿಹರದ ಕಲ್ಲುಗಳು ಅವರ ಮೊದಲನೆಯ ಪಾಠಗಳ ಸಾಲಿನಲ್ಲಿಯೇ ಇವೆ.

೧೮೮೫ರಲ್ಲಿ ಮೈಸೂರು ಸಂಸ್ಥಾನದಲ್ಲಿ ಪುರಾತತ್ತ್ವ ಇಲಾಖೆಯು ಸ್ಥಾಪಿತವಾದಾಗ ಅದರ ಮೇಲ್ವಿಚಾರಣೆಯು ಇವರಿಗೆ ಬಂತು. ೧೮೯೦ರಿಂದ ಬೇರೆ ಹೊಣೆಗಳನ್ನು ಬಿಟ್ಟು ಪೂರ್ಣವಾಗಿ ಇದಕ್ಕೇ ನಿಂತರು. ಶಾಸನದ ಪ್ರತಿಯನ್ನು ತೆಗೆಯುವುದು ಸುಲಭದ ಕೆಲಸವಲ್ಲ. ಮೊದಲು ಕಲ್ಲನ್ನು ತೊಳೆದು, ಪಾಚಿಯನ್ನೂ ಎಣ್ಣೆಯ ಜಿಡ್ಡನ್ನೂ ಸುಣ್ಣವನ್ನೂ ಬಿಡಿಸಬೇಕು. ತೇವವಾದ ಕಾಗದವನ್ನು ಅದರ ಮೇಲೆ ಹಾಸಿ, ಕುಂಚದಿಂದ ಬಡಿದು ಬಡಿದು ಅಕ್ಷರದ ತಗ್ಗುಗಳಿಗೆ ಇಳಿಸಬೇಕು. ಮೇಲೆ ಮಸಿಯನ್ನು ಒತ್ತಿದರೆ ಅಕ್ಷರಗಳು ಬೆಳ್ಳಗೆ ಉಳಿದು ಸುತ್ತಲೂ ಕಪ್ಪಾಗುತ್ತದೆ. ಅನಂತರ ಓದುವ ಕೆಲಸ. ಮುರಿದ ಸಾಲುಗಳು, ಸವೆದ ಅಕ್ಷರಗಳು, ಬಳಕೆ ತಪ್ಪಿದ ಮಾತುಗಳು, ಇವೆಲ್ಲವೂ ತಾಳ್ಮೆಯನ್ನು ಬೇಡುತ್ತವೆ.

ಇಂಥ ದುಡಿಮೆಯ ಫಲವೇ ಎಪಿಗ್ರಾಫಿಯ ಕರ್ನಾಟಿಕ ಎಂಬ ಹನ್ನೆರಡು ಸಂಪುಟಗಳು. ೧೮೮೬ರಲ್ಲಿ ಕೊಡಗಿನ ಶಾಸನಗಳಿಂದ ಆರಂಭವಾಗಿ, ೧೮೮೯ರಲ್ಲಿ ಶ್ರವಣಬೆಳಗೊಳ, ಮುಂದೆ ಮೈಸೂರು ಸಂಸ್ಥಾನದ ಒಂದೊಂದು ಜಿಲ್ಲೆಯಾಗಿ, ಸುಮಾರು ೯೦೦೦ ಶಾಸನಗಳು ಅಚ್ಚಾದವು. ಮೂಲ, ಅದರ ಅಕ್ಷರಾಂತರ, ಇಂಗ್ಲಿಷ್ ಭಾಷಾಂತರ, ಮೂರನ್ನೂ ಕೊಟ್ಟರು. ಕೆಲವು ಸಂಪುಟಗಳು ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ಕಿಟ್ಟೆಲ್ ಅಯ್ಯನವರ ಕನ್ನಡ ನಿಘಂಟು ೧೮೯೪ರಲ್ಲಿ ಹೊರಬಿದ್ದದ್ದೂ ಮಂಗಳೂರಿನಿಂದಲೇ. ಇದಲ್ಲದೆ ರೈಸರು ಮೈಸೂರು ಸೀಮೆಯ ಗ್ಯಾಸೆಟಿಯರನ್ನು ಬರೆದು, ೧೮೯೭ರಲ್ಲಿ ಅದನ್ನು ತಿದ್ದಿ ಮತ್ತೆ ಹೊರಡಿಸಿದರು. ತಾಳೆಗರಿಗಳಲ್ಲಿ ಅಡಗಿದ್ದ ಪಂಪ ಭಾರತವನ್ನು ೧೮೯೮ರಲ್ಲಿ ಅಚ್ಚುಹಾಕಿಸಿದರು. ಕನ್ನಡದ ಆದಿಕವಿಯ ಕಾವ್ಯವು ಮಿಶನೆರಿಯ ಮಗನ ಕೈಯಿಂದ ಅಚ್ಚಿನ ಬೆಳಕನ್ನು ಕಂಡಿತೆಂಬುದು ನಾವು ಮರೆಯತಕ್ಕ ಮಾತಲ್ಲ.

ದಾವಣಗೆರೆ ಹರಿಹರಗಳ ಕಲ್ಲುಗಳು

ಆ ಕಾಲದಲ್ಲಿ ದಾವಣಗೆರೆಯು ಚಿತ್ರದುರ್ಗ ಜಿಲ್ಲೆಗೆ ಸೇರಿದ ತಾಲ್ಲೂಕು. ಹರಿಹರವು ಅದರ ಒಳಗಿನ ಊರು. ದಾವಣಗೆರೆ ಜಿಲ್ಲೆಯೆಂಬುದು ೧೯೯೭ರಲ್ಲಿ ಆದದ್ದು. ಆದಕಾರಣ ನಮ್ಮ ಸೀಮೆಯ ಶಾಸನಗಳನ್ನು ನೋಡಬೇಕಾದರೆ ೧೯೦೩ರಲ್ಲಿ ಪ್ರಕಟವಾದ ಹನ್ನೊಂದನೆಯ ಸಂಪುಟವನ್ನು, ಅಂದರೆ ಚಿತ್ರದುರ್ಗ ಜಿಲ್ಲೆಯದನ್ನು, ತೆರೆಯಬೇಕು.

ಹರಿಹರದ ಹಳೆಯ ಹೆಸರು ಕೂಡಲೂರು. ಹರಿದ್ರಾ ಹಳ್ಳವು ತುಂಗಭದ್ರೆಯನ್ನು ಕೂಡುವ ಸ್ಥಳ. ಅಲ್ಲಿಯ ಹರಿಹರೇಶ್ವರ ದೇವಸ್ಥಾನವನ್ನು ೧೨೨೪ರಲ್ಲಿ ಹೊಯ್ಸಳ ಅರಸನಾದ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು ಕಟ್ಟಿಸಿದನು. ೧೨೬೮ರಲ್ಲಿ, ಸೋಮನಾಥಪುರದ ದೇವಸ್ಥಾನವನ್ನು ಕಟ್ಟಿಸಿದ ಸೋಮ ದಂಡನಾಯಕನು, ಇಲ್ಲಿ ಐದು ನೆಲೆಯ ಬಾಗಿಲುವಾಡವನ್ನು ಮಾಡಿಸಿದನು. ಇದನ್ನೆಲ್ಲಾ ಹೇಳುವವು ಆ ಆವರಣದ ಕಲ್ಲುಗಳೇ. ವಿಷ್ಣುವನ್ನು ಬಿಟ್ಟರೆ ದೇವರಿಲ್ಲವೆಂದು ಕೆಲವರೂ ಶಿವನನ್ನು ಬಿಟ್ಟರೆ ದೇವರಿಲ್ಲವೆಂದು ಕೆಲವರೂ ಹೇಳುತ್ತಿರಲಾಗಿ, ಆ ಸಂದೇಹವನ್ನು ತೀರಿಸುವುದಕ್ಕೆ ಇಬ್ಬರೂ ಒಂದೇ ರೂಪವಾಗಿ ಕಾಣಿಸಿಕೊಂಡರೆಂಬುದು ಅಲ್ಲಿಯ ಶಾಸನವು ಸಾರುವ ನಂಬಿಕೆ. ಆ ನಂಬಿಕೆ ನಮ್ಮದಲ್ಲ. ಆದರೆ ನೆರೆಯವನು ಏನನ್ನು ನಂಬುತ್ತಾನೆ, ಯಾವ ಜಗಳದ ನಡುವೆ ಸಮಾಧಾನವನ್ನು ಹುಡುಕಿದನು ಎಂಬುದನ್ನು ತಿಳಿಯದೆ ಅವನ ಸಂಗಡ ದೇವರ ವಿಷಯವನ್ನು ಮಾತಾಡುವುದು ಹೇಗೆ? ರೈಸರು ಆ ಬರಹವನ್ನು ಹೆಚ್ಚಿಸದೆ, ತಗ್ಗಿಸದೆ, ಹಾಸ್ಯಮಾಡದೆ, ಇದ್ದದ್ದನ್ನು ಇದ್ದ ಹಾಗೆ ಭಾಷಾಂತರಿಸಿ ಕೊಟ್ಟರು. ಸಾಕ್ಷಿಯು ಸತ್ಯವಾಗಿರಬೇಕೆಂಬುದು ದೇವರ ಆಜ್ಞೆಗಳಲ್ಲಿ ಒಂದು. ಅದು ನ್ಯಾಯಸ್ಥಾನಕ್ಕೆ ಮಾತ್ರವಲ್ಲ, ಪರರ ಮತದ ವಿಷಯದಲ್ಲಿ ನಾವು ಆಡುವ ಮಾತಿಗೂ ಸಲ್ಲುತ್ತದೆ.

ಬ್ರಹ್ಮಗಿರಿಯ ಬಂಡೆ

ರೈಸರ ಕೆಲಸಗಳಲ್ಲೆಲ್ಲಾ ಹೆಚ್ಚು ಹೆಸರುವಾಸಿಯಾದದ್ದು ೧೮೯೨ರಲ್ಲಿ ನಡೆಯಿತು. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಸ್ಥಳಗಳ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಶಾಸನಗಳನ್ನು ಅವರು ಕಂಡುಹಿಡಿದರು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಈ ಬರಹಗಳು ದನಕಾಯುವವರ ಕಣ್ಣ ಮುಂದೆಯೇ ಇದ್ದರೂ ಅವುಗಳ ಅರ್ಥವು ಯಾರಿಗೂ ತಿಳಿದಿರಲಿಲ್ಲ. ತಂದೆತಾಯಿಗಳಿಗೆ ವಿಧೇಯರಾಗಿರಬೇಕು, ಜೀವಿಗಳಲ್ಲಿ ದಯವಿರಬೇಕು, ಸತ್ಯವನ್ನಾಡಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬ ಬೋಧನೆ ಅವುಗಳಲ್ಲಿದೆ. ಬರೆದವನು ಚಪಡನೆಂಬ ಲಿಪಿಕಾರ. ಅವನು ತನ್ನ ಉದ್ಯೋಗವನ್ನು ತಿಳಿಸುವ ಒಂದು ಮಾತನ್ನು ಮಾತ್ರ ವಾಯವ್ಯ ದಿಕ್ಕಿನ ಗಾಂಧಾರ ಸೀಮೆಯಲ್ಲಿ ಬಳಕೆಯಲ್ಲಿದ್ದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಅಶೋಕನ ಆಳಿಕೆಯು ನಮ್ಮ ನಾಡಿನ ತನಕ ಮುಟ್ಟಿತ್ತೆಂಬುದು ಇದರಿಂದ ರುಜುವಾಯಿತು.

ಇಲ್ಲಿಂದ ಗ್ರೀಕರ ದೇಶಕ್ಕೆ ಒಂದು ದಾರಿ ತೆರೆಯುತ್ತದೆ. ಬೇರೆ ಸೀಮೆಗಳಲ್ಲಿರುವ ಅಶೋಕನ ಹದಿಮೂರನೆಯ ಶಾಸನದಲ್ಲಿ ಐದು ಮಂದಿ ಗ್ರೀಕ್ ಅರಸರ ಹೆಸರುಗಳಿವೆ. ನಮ್ಮ ಹಳೆಯ ಗ್ರಂಥಗಳಲ್ಲಿ ಯವನರೆಂದು ಹೇಳುವುದು ಈ ಜನರನ್ನೇ. ಅವರಲ್ಲಿ ಮೊದಲನೆಯವನು ಅಂತಿಯೋಕನು. ಕ್ರಿಸ್ತನ ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಮೊದಲು ಬಂದ ಅಂತಿಯೋಕ್ಯ ಪಟ್ಟಣವು ಇವನ ಮನೆತನದವರು ಕಟ್ಟಿಸಿ ತಮ್ಮ ಹಿರಿಯನ ಹೆಸರನ್ನಿಟ್ಟ ಊರು. ೧೯೫೮ರಲ್ಲಿ ಆಫ್ಘಾನಿಸ್ತಾನದ ಕಂದಹಾರದಲ್ಲಿ ಅಶೋಕನ ಶಾಸನವೇ ಗ್ರೀಕ್ ಭಾಷೆಯಲ್ಲಿ ದೊರಕಿತು. ಒಬ್ಬನೇ ಅರಸನು ಕಂದಹಾರದಲ್ಲಿ ಗ್ರೀಕಿನಲ್ಲಿಯೂ ಮೊಳಕಾಲ್ಮೂರಿನಲ್ಲಿ ಪ್ರಾಕೃತದಲ್ಲಿಯೂ ಜನರನ್ನು ಬೋಧಿಸಿದನು. ಆದುದರಿಂದ ಪೌಲನು ನಡೆದಾಡಿದ ಲೋಕವೂ ನಮ್ಮ ಪೂರ್ವಿಕರು ಬಾಳಿದ ಲೋಕವೂ ಒಂದಕ್ಕೊಂದು ತೀರಾ ಅಪರಿಚಿತವಾಗಿರಲಿಲ್ಲ.

ವಾದಗಳು, ನಿವೃತ್ತಿ, ಮರಣ

ರೈಸರು ಹೇಳಿದ್ದೆಲ್ಲವೂ ನಿಂತಿತೆಂದು ಹೇಳಲಾಗದು. ಮುಂಬಯಿ ಪ್ರಾಂತದ ಫ್ಲೀಟ್ ಸಾಹೇಬರೆಂಬ ಶಾಸನ ಪಂಡಿತರು ಇವರ ಸಂಗಡ ಬಹುಕಾಲ ವಾದಿಸಿದರು. ಗಂಗ ಅರಸರವೆನ್ನಿಸಿದ ಕೆಲವು ತಾಮ್ರಶಾಸನಗಳು ಕೃತ್ರಿಮವೆಂಬುದು ಫ್ಲೀಟರ ಪಕ್ಷ. ಮುಂದೆ ಬಂದ ವಿದ್ವಾಂಸರು ರೈಸರ ಕೆಲವು ಪಾಠಗಳನ್ನೂ ಕಾಲನಿರ್ಣಯಗಳನ್ನೂ ತಿದ್ದಿದ್ದಾರೆ; ಅವರ ಸಂಪುಟಗಳೇ ೧೯೭೨ರಿಂದ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪರಿಷ್ಕೃತವಾಗಿ ಹೊರಬರತೊಡಗಿದವು. ಆದರೆ ತಿದ್ದುವುದಕ್ಕೆ ಸಾಧ್ಯವಾದದ್ದು ಅವರು ಮೂಲವನ್ನು ಎಲ್ಲರ ಮುಂದೆ ಬಿಚ್ಚಿಟ್ಟದ್ದರಿಂದಲೇ. ಮುಚ್ಚಿಟ್ಟವನ ತಪ್ಪು ಬೆಳೆಯುತ್ತದೆ. ಬಿಚ್ಚಿಟ್ಟವನ ತಪ್ಪು ತಿದ್ದಿಕೊಳ್ಳುತ್ತದೆ.

೧೯೦೬ರಲ್ಲಿ ರೈಸರು ಕೆಲಸದಿಂದ ನಿವೃತ್ತರಾದರು. ಅವರ ಕೈಕೆಳಗೆ ದುಡಿದಿದ್ದ ಆರ್. ನರಸಿಂಹಾಚಾರ್ಯರು ಅವರ ಸ್ಥಾನಕ್ಕೆ ಬಂದರು. ಇಂಗ್ಲೆಂಡಿಗೆ ಹೋದ ಮೇಲೆಯೂ ರೈಸರು ಸುಮ್ಮನಿರದೆ, ಶಾಸನಗಳಿಂದ ತಿಳಿದುಬರುವ ಮೈಸೂರು ಕೊಡಗುಗಳ ಚರಿತ್ರೆಯನ್ನು ಬರೆದು ೧೯೦೯ರಲ್ಲಿ ಪ್ರಕಟಿಸಿದರು. ೧೯೨೭ನೆಯ ಇಸವಿ ಜುಲೈ ೧೦ರಲ್ಲಿ, ತೊಂಭತ್ತು ವರುಷ ತುಂಬುವುದಕ್ಕೆ ಒಂದು ವಾರವಿರುವಾಗ, ಹ್ಯಾರೋ ಎಂಬ ಊರಿನಲ್ಲಿ ತೀರಿಹೋದರು. ಕನ್ನಡಿಗರು ಅವರನ್ನು ಶಾಸನ ಪಿತಾಮಹರೆಂದು ಇಂದಿಗೂ ನೆನೆಯುತ್ತಾರೆ.

ಕಲ್ಲುಗಳ ಸಾಕ್ಷಿ

ಅವರ ತರುವಾಯವೂ ನಮ್ಮ ಸೀಮೆಯ ಮಣ್ಣು ಮಾತಾಡುತ್ತಲೇ ಬಂದಿದೆ. ೧೯೪೭ರಲ್ಲಿ ವೀಲರ್ ಎಂಬವರು ಬ್ರಹ್ಮಗಿರಿಯನ್ನೂ ಚಿತ್ರದುರ್ಗದ ಹತ್ತಿರದ ಚಂದ್ರವಳ್ಳಿಯನ್ನೂ ಅಗೆಸಿದರು. ಚಂದ್ರವಳ್ಳಿಯಲ್ಲಿ ತಿಬೇರಿಯ ಕೈಸರನ ಒಂದು ಬೆಳ್ಳಿಯ ನಾಣ್ಯ ಸಿಕ್ಕಿತು. ವಾಚಕರೇ, ಈ ತಿಬೇರಿಯನು ಯಾರೆಂಬುದನ್ನು ನೀವು ಬಲ್ಲಿರಿ. ಇವನ ಆಳಿಕೆಯಲ್ಲಿಯೇ ಸ್ನಾನಿಕನಾದ ಯೋಹಾನನು ಸಾರಿದನು, ನಮ್ಮ ಕರ್ತನು ಶಿಲುಬೆಯನ್ನು ಹೊತ್ತನು. ತೆರಿಗೆಯ ವಿಷಯದಲ್ಲಿ ಕರ್ತನನ್ನು ಸಿಕ್ಕಿಸಬೇಕೆಂದು ಬಂದವರು ತೋರಿಸಿದ್ದು ಆಗಿನ ಕೈಸರನ ತಲೆಯಿದ್ದ ನಾಣ್ಯವನ್ನೇ. ಅಂಥ ನಾಣ್ಯವು ವ್ಯಾಪಾರಿಗಳ ಕೈಯಿಂದ ಕೈಗೆ ದಾಟಿ ಚಿತ್ರದುರ್ಗದ ಬುಡಕ್ಕೆ ಬಂದಿತ್ತು.

ಗ್ರೀಸ್ ದೇಶದ ಡೆಲ್ಫಿಯಲ್ಲಿಯೂ ಹೀಗೆಯೇ ಆಯಿತು. ಕ್ಲೌದ್ಯ ಕೈಸರನ ಪತ್ರವೊಂದನ್ನು ಕೆತ್ತಿದ ಕಲ್ಲಿನ ಚೂರುಗಳು ೧೯೦೫ರಲ್ಲಿ ಪ್ರಕಟವಾದಾಗ, ಅವುಗಳಲ್ಲಿ ಅಖಾಯದ ಅಧಿಪತಿಯಾದ ಗಲ್ಲಿಯೋನನ ಹೆಸರು ಕಂಡಿತು. ಕೊರಿಂಥದಲ್ಲಿ ಪೌಲನನ್ನು ಎಳೆತಂದು ನಿಲ್ಲಿಸಿದ್ದು ಈ ಗಲ್ಲಿಯೋನನ ಮುಂದೆಯೇ. ಅದರಿಂದ ಪೌಲನು ಕೊರಿಂಥದಲ್ಲಿದ್ದದ್ದು ಕ್ರಿ. ಶ. ೫೧ರ ಸುಮಾರೆಂದು ಪಂಡಿತರು ನಿಶ್ಚಯಿಸಿದರು. ನಮ್ಮ ನಂಬಿಕೆಯು ಕಲ್ಲಿನ ಮೇಲೆ ನಿಂತದ್ದಲ್ಲ. ಆದರೂ ಕಲ್ಲು ಸತ್ಯವನ್ನು ನುಡಿದಾಗ ಅದಕ್ಕೆ ಕಿವಿಗೊಡುವುದು ಒಳ್ಳೇದು. ಗುಡಿಯ ಹತ್ತಿರ ಇದೆಯೆಂದು ಡೆಲ್ಫಿಯ ಕಲ್ಲುಗಳನ್ನು ಕ್ರೈಸ್ತರು ಓದದೆ ಹೋಗಿದ್ದರೆ ನಷ್ಟವು ಯಾರಿಗೆ?

ನಮಗೆ ಇದರಿಂದ ಬರುವ ಬುದ್ಧಿ

ಮೊದಲನೆಯದು, ಓದುವುದು ಬೇರೆ, ಅಡ್ಡಬೀಳುವುದು ಬೇರೆ. ಪೌಲನು ಓದಿದನು, ಅಡ್ಡಬೀಳಲಿಲ್ಲ. ನಾವೂ ಹಾಗೆಯೇ ಮಾಡಬಹುದು.

ಎರಡನೆಯದು, ಈ ನಾಡು ನಮ್ಮದು. ಶಾಸನಗಳಲ್ಲಿ ಅರಸರ ಹೆಸರುಗಳು ಮಾತ್ರ ಇರುವುದಿಲ್ಲ. ಊರ ದನಗಳನ್ನು ಕಳ್ಳರು ಹೊಡೆದುಕೊಂಡು ಹೋಗುವಾಗ ಅಡ್ಡ ನಿಂತು ಸತ್ತ ಸಾಮಾನ್ಯರ ಹೆಸರುಗಳು ವೀರಗಲ್ಲುಗಳಲ್ಲಿವೆ. ಅವರು ನಮ್ಮ ಹಳ್ಳಿಗಳ ಹಿರಿಯರೇ. ಕ್ರಿಸ್ತನನ್ನು ಒಪ್ಪಿಕೊಂಡವನು ತನ್ನ ಪೂರ್ವಿಕರ ನೆನಪನ್ನು ಹೊಳೆಗೆ ಎಸೆಯಬೇಕಾಗಿಲ್ಲ. ಪರಕೀಯರೆಂದು ಹಂಗಿಸುವವರಿಗೆ ಜಗಳದಿಂದ ಉತ್ತರ ಹೇಳಬೇಡಿರಿ. ಅವರ ಊರ ಕಲ್ಲನ್ನು ಅವರಿಗೆ ಓದಿ ಹೇಳುವಷ್ಟು ವಿದ್ಯೆಯನ್ನು ನಿಮ್ಮ ಮಕ್ಕಳಿಗೆ ಕೊಡಿಸಿರಿ, ಅದೇ ಉತ್ತರ.

ಮೂರನೆಯದು, ಇದ್ದದ್ದನ್ನು ಕಾಪಾಡಿರಿ. ಬರಹದ ಕಲ್ಲಿನ ಕೆಳಗೆ ನಿಧಿಯಿದೆಯೆಂದು ಅಗೆಯುವವರ ಮಾತಿಗೆ ಮರುಳಾಗಬೇಡಿರಿ. ಅಂಥ ಕಲ್ಲನ್ನು ಬಟ್ಟೆ ಒಗೆಯುವುದಕ್ಕೂ ಪಾಯಕ್ಕೂ ಬಳಸಬೇಡಿರಿ. ಹೊಸ ಕಲ್ಲು ಕಂಡುಬಂದರೆ ಪುರಾತತ್ತ್ವ ಇಲಾಖೆಗೆ ತಿಳಿಸಿರಿ.

ಯೌವನಸ್ಥರ ಸಂಘಗಳವರು ಒಂದು ದಿವಸವನ್ನು ಇದಕ್ಕೆ ಮೀಸಲಿಡುವುದು ಒಳ್ಳೇದು. ಬೆಳಿಗ್ಗೆ ದಾವಣಗೆರೆಯ ಆನೆಕೊಂಡದಲ್ಲಿರುವ ಹಳೆಯ ಈಶ್ವರ ದೇವಸ್ಥಾನದ ಶಿಲ್ಪವನ್ನು ನೋಡಿ, ಅಲ್ಲಿಂದ ಸುಮಾರು ೧೪ ಕಿಲೋಮೀಟರು ದೂರದ ಹರಿಹರಕ್ಕೆ ಹೋಗಿ, ಪೋಲಾಳ್ವನ ಶಾಸನದ ಮುಂದೆ ನಿಲ್ಲಬಹುದು. ಅದು ಇಂದಿಗೂ ಪೂಜೆ ನಡೆಯುವ ಸ್ಥಳವಾದ್ದರಿಂದ ಮೆಟ್ಟುಗಳನ್ನು ಹೊರಗೆ ಬಿಟ್ಟು, ಅಲ್ಲಿಯವರ ಅಪ್ಪಣೆಯನ್ನು ಕೇಳಿಕೊಂಡು, ಗದ್ದಲಮಾಡದೆ ನೋಡಬೇಕು. ರೈಸರ ಹನ್ನೊಂದನೆಯ ಸಂಪುಟದಿಂದ ಆ ಶಾಸನದ ಪಾಠವನ್ನು ಬರೆದುಕೊಂಡು ಹೋದರೆ ಸಾಲುಸಾಲಾಗಿ ಬೆರಳು ತೋರಿಸಿ ಓದಬಹುದು. ಸಂಜೆಗೆ ತುಂಗಭದ್ರೆಯ ದಡದಲ್ಲಿ ಕೂತು ಅಪೊಸ್ತಲರ ಕೃತ್ಯಗಳ ೧೭ನೆಯ ಅಧ್ಯಾಯವನ್ನು ಓದಿ ಪ್ರಾರ್ಥಿಸಿ ಹಿಂದಿರುಗಿರಿ.

ರೈಸ್ ಸಾಹೇಬರು ಸಭೆಗಳನ್ನು ಸ್ಥಾಪಿಸಿದವರಲ್ಲ. ಅವರ ಕೆಲಸವು ಪಾಚಿಯನ್ನು ಉಜ್ಜಿ, ಸವೆದ ಅಕ್ಷರವನ್ನು ಕಂಡುಕೊಂಡು, ಅದು ಹೇಳುವುದನ್ನೇ ಬರೆಯುವುದಾಗಿತ್ತು. ಸ್ವಲ್ಪದರಲ್ಲಿ ನಂಬಿಗಸ್ತನಾದವನು ಬಹಳದರಲ್ಲಿಯೂ ನಂಬಿಗಸ್ತನೆಂದು ಕರ್ತನು ಕಲಿಸಿದ್ದಾನೆ. ನಮ್ಮ ಪಾಲಿಗೆ ಬಂದ ಕಲ್ಲು ಯಾವುದೇ ಆಗಿರಲಿ, ಅದನ್ನು ತಾಳ್ಮೆಯಿಂದಲೂ ಸತ್ಯದಿಂದಲೂ ಓದುವ ಕೃಪೆಯನ್ನು ದೇವರು ನಮ್ಮ ಸಭೆಗಳಿಗೆ ದಯಪಾಲಿಸಲಿ.